ಚನ್ನರಾಯಪಟ್ಟಣದಿಂದ ಹಾಸನಕ್ಕೆ

ನಮ್ಮ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಪೆಟ್ರೋಲಿನ ಮುಳ್ಳಿನ ಪಕ್ಕ ಇನ್ನೊಂದು ಮುಳ್ಳಿದೆ. ಅದರ ಕೆಳತುದಿಯಲ್ಲಿ ಇಂಗ್ಲಿಷಿನ 'ಸಿ', ಮೇಲ್ತುದಿಯಲ್ಲಿ 'ಎಚ್'. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ, ಕಂಡ ಅಕ್ಷರಕ್ಕೆಲ್ಲ ಒಂದು ಊರು ಹೊಂದಿಸುವ ಹುರುಪಿನಲ್ಲಿ, "ಅಪ್ಪಾ, ಸಿ ಅಂದ್ರೆ ಚನ್ನರಾಯಪಟ್ಟಣ, ಎಚ್ ಅಂದ್ರೆ ಹಾಸನ ಅಲ್ವಾ?" ಎಂದಿದ್ದಳು. ನಾವಿರುವುದು ಹಾಸನದಲ್ಲಿ, ಅವಳ ಸೋದರತ್ತೆ ಚನ್ನರಾಯಪಟ್ಟಣದಲ್ಲಿ. ಅವಳ ಭೂಗೋಳ ಅಷ್ಟಕ್ಕೇ ಮುಗಿಯುತ್ತಿತ್ತು. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಆ ಮುಳ್ಳಿಗೆ ಬೇರೆ ಅರ್ಥ ಹೇಳಲಿಲ್ಲ.

ಕಾರು ಯಾವ ಕಂಪನಿಯದೆಂದು ಮಾತ್ರ ಕೇಳಬೇಡಿ. ನಮ್ಮಜ್ಜಿ ಗಂಡನ ಹೆಸರು ಹೇಳದೆ ಅರುವತ್ತು ವರ್ಷ ಸಂಸಾರ ಮಾಡಿದಳು. ನಾನೂ ಈ ಕಾರಿನೊಂದಿಗೆ ಹಾಗೇ ಇದ್ದೇನೆ. 1997ನೇ ಇಸವಿಯದು, ಇನ್ನೂ ಕಾರ್ಬುರೇಟರ್ ಇರುವ ಕಾಲದ್ದು, ಎರಡನೇ ಕೈಯಲ್ಲಿ ಬಂದದ್ದು ಎಂದಷ್ಟೇ ತಿಳಿದರೆ ಸಾಕು. ಮುಂದೆ ನಡೆದದ್ದರಲ್ಲಿ ಕಂಪನಿಯ ತಪ್ಪೇನೂ ಇರಲಿಲ್ಲ. ಯಾರದಿತ್ತು ಎಂಬುದನ್ನು ಆದಷ್ಟು ತಡವಾಗಿ ಹೇಳುತ್ತೇನೆ.

ಬೇಸಿಗೆ ರಜೆ ಮುಗಿಸಿ ಪುತ್ತೂರಿನ ಮಾವನ ಮನೆಯಿಂದ ಹೊರಟಿದ್ದೆವು. ಡಿಕ್ಕಿಯಲ್ಲಿ ಎರಡು ಹಲಸಿನ ಹಣ್ಣು, ಹಪ್ಪಳದ ಡಬ್ಬ, ಹಿಂದಿನ ಸೀಟಿನಲ್ಲಿ ಮಗಳು ಮತ್ತು ಅಮ್ಮ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತತೊಡಗಿದಾಗ ಮುಂದೆ ಟ್ಯಾಂಕರುಗಳ ಮೆರವಣಿಗೆ. ಓವರ್‌ಟೇಕ್ ಮಾಡಲು ಎರಡನೇ ಗೇರಿನಲ್ಲಿ ಇಂಜಿನ್ನನ್ನು ಕಿರುಚಿಸಿಕೊಂಡು ಕೆಂಪುಹೊಳೆ ಕಳೆಯುವಷ್ಟರಲ್ಲಿ ಮಗಳು ಹಿಂದಿನಿಂದ, "ಅಪ್ಪಾ, ಹಾಸನ ಬಂತು!" ಎಂದು ಕೂಗಿದಳು. ನೋಡಿದರೆ ಮುಳ್ಳು ನಮಗಿಂತ ಮೊದಲೇ ಊರು ಸೇರಿತ್ತು. ಬಾನೆಟ್ಟಿನ ಸಂದಿಯಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ.

ಪಕ್ಕಕ್ಕೆ ನಿಲ್ಲಿಸಿದೆ. ಕೈಗೆ ಬಟ್ಟೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಲು ಹೋದವನನ್ನು ಹಿಂದೆ ಬಂದ ಲಾರಿಯ ಡ್ರೈವರು ಮೇಲಿನಿಂದಲೇ ಗದರಿಸಿದ: "ಸಾರ್, ಕುಕ್ಕರ್ ಕೂಗ್ತಾ ಇರುವಾಗ ಮುಚ್ಚಳ ತೆಗೀತೀರಾ?" ನನಗೆ ಆಗಲೇ ಹೊಳೆದದ್ದು. ಆ ಮುಚ್ಚಳದ ಮೇಲೆ 0.9 ಎಂದು ಅಚ್ಚು ಹಾಕಿರುತ್ತದೆ, ಹೆಚ್ಚುಕಡಿಮೆ ಅಡುಗೆಮನೆಯ ಕುಕ್ಕರಿನಷ್ಟೇ ಒತ್ತಡ. ಆ ಒತ್ತಡವಿದ್ದರೆ ನೀರು 100 ಡಿಗ್ರಿಗೆ ಕುದಿಯದೆ 120ರ ಹತ್ತಿರದವರೆಗೂ ತಡೆದುಕೊಳ್ಳುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣಕ್ಕೆ ಅಷ್ಟೂ ನೀರು ಒಟ್ಟಿಗೆ ಕುದಿದು ಮುಖಕ್ಕೆ ಬರುತ್ತದೆ. ಡ್ರೈವರು ಇಂಜಿನ್ ಆಫ್ ಮಾಡಗೊಡಲಿಲ್ಲ. ಐಡಲಿನಲ್ಲಿ ಬಿಟ್ಟು, ಒಳಗಿನ ಹೀಟರನ್ನು ಪೂರ್ತಿ ತಿರುಗಿಸಿ, ಕಿಟಕಿ ಇಳಿಸಿ ಎಂದ. ಹೀಟರೆಂದರೆ ಇನ್ನೊಂದು ಸಣ್ಣ ರೇಡಿಯೇಟರೇ. ಇಂಜಿನ್ನಿನ ಬಿಸಿಯನ್ನು ಹೊರಗೆ ಚೆಲ್ಲುವ ಬದಲು ನಮ್ಮ ಮೊಣಕಾಲಿಗೆ ಊದುತ್ತದೆ. ಐದು ನಿಮಿಷದಲ್ಲಿ ಮುಳ್ಳು ಇಳಿಯಿತು. ಏಪ್ರಿಲ್ ತಿಂಗಳ ಆ ಸೆಕೆಯಲ್ಲಿ ಹೀಟರ್ ಹಾಕಿಕೊಂಡು ಸಕಲೇಶಪುರದವರೆಗೆ ಬಂದೆವು. ಹೆಂಡತಿ ಸೆರಗಿನಿಂದ ಬೀಸಿಕೊಳ್ಳುತ್ತ, "ಇದು ಕಾರೋ ಬಾಣಂತಿ ಕೋಣೆಯೋ ಮಾರಾಯ್ರೆ" ಎಂದಳು. ಅಮ್ಮ ಏನೂ ಹೇಳಲಿಲ್ಲ. ಡಿಕ್ಕಿಯಲ್ಲಿದ್ದ ಹಲಸು ಮಾತ್ರ ಆ ಬಿಸಿಗೆ ಹಣ್ಣಾಗುವುದನ್ನೂ ದಾಟಿ ಮುಂದಕ್ಕೆ ಹೋಗಿತ್ತು.

ಮಾರನೆಯ ದಿನದಿಂದ ವೈದ್ಯೋಪಚಾರ ಸುರುವಾಯಿತು. ನಮ್ಮ ಕಡೆ ಜ್ವರಕ್ಕೆ ಔಷಧಿ ಹೇಳದವನೂ ಕಾರಿನ ಬಿಸಿಗೆ ಹೇಳುತ್ತಾನೆ. ಪಕ್ಕದ ಮನೆಯ ನಿವೃತ್ತ ಇಂಜಿನಿಯರು ಸೇತುವೆ ಕಟ್ಟಿಸಿದವರು. ಅವರು ವಾಟರ್ ಪಂಪ್ ಎಂದರು. ಆಫೀಸಿನ ಸಹೋದ್ಯೋಗಿ ನನ್ನನ್ನು ಮೂಲೆಗೆ ಕರೆದು, ತೀರಿಕೊಂಡವರ ಸುದ್ದಿ ಹೇಳುವ ದನಿಯಲ್ಲಿ, "ಹೆಡ್ ಗ್ಯಾಸ್ಕೆಟ್ ಇರಬೇಕು, ಧೈರ್ಯ ತಂದ್ಕೊಳ್ಳಿ" ಎಂದರು. ಅಮ್ಮನಿಗೆ ಸಂಶಯವೇ ಇರಲಿಲ್ಲ: "ಉಷ್ಣ ಕಣೋ. ಹಲಸಿನ ಹಣ್ಣು ಹೇರಿಕೊಂಡು ಬಂದರೆ ಇನ್ನೇನಾಗುತ್ತೆ?"

ಬೀದಿ ತುದಿಯ ಮೆಕ್ಯಾನಿಕ್ಕಿನ ಚಿಕಿತ್ಸೆ ಸರಳ. ಅವನು ಇಂಜಿನ್ನಿನ ತಲೆಯ ಬಳಿಯಿಂದ ಒಂದು ಹಿತ್ತಾಳೆಯ ಬಿಲ್ಲೆ ಕಿತ್ತು ನನ್ನ ಅಂಗೈಗೆ ಹಾಕಿ, "ಥರ್ಮೋಸ್ಟಾಟು. ನಮ್ಮೂರಲ್ಲಿ ಹಿಮ ಬೀಳುತ್ತಾ ಸಾರ್? ಇದು ಬೇಡವೇ ಬೇಡ" ಎಂದ. ಅದರ ಅಂಚಿನಲ್ಲಿ 82 ಎಂದು ಕೊರೆದಿತ್ತು. ನೀರು ಅಷ್ಟು ಡಿಗ್ರಿ ಮುಟ್ಟಿದಾಗ ಒಳಗಿನ ಮೇಣ ಕರಗಿ, ಹಿಗ್ಗಿ, ಬಾಗಿಲು ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ದ್ವಾರಪಾಲಕ ಅದು. ಮನೆಗೆ ತಂದು ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ಬಿಟ್ಟೆ. ಸ್ವಲ್ಪ ಹೊತ್ತಿಗೆ ಪಾಪ, ಕಪ್ಪೆ ಬಾಯಿ ತೆರೆದಂತೆ ಮೆಲ್ಲಗೆ ತೆರೆದುಕೊಂಡಿತು. ಆರೋಗ್ಯವಾಗಿಯೇ ಇದ್ದ ಅಂಗವನ್ನು ಕೊಯ್ದು ತೆಗೆದಿದ್ದೆವು. ದ್ವಾರಪಾಲಕನಿಲ್ಲದ ಮೇಲೆ ಹಾಸನದ ಬೆಳಗಿನ ಥಂಡಿಯಲ್ಲಿ ಮುಳ್ಳು ಚನ್ನರಾಯಪಟ್ಟಣ ಬಿಟ್ಟು ಹೊರಡಲು ಅರ್ಧ ಗಂಟೆ ಬೇಕಾಯಿತು. ಇಂಜಿನ್ ಕಾಯದೆ ಪೆಟ್ರೋಲು ಕುಡಿಯತೊಡಗಿತು. ಘಾಟಿಗೆ ಒಯ್ದರೆ ಮತ್ತದೇ ಹಾಸನ.

ಎರಡನೆಯವನು ಫ್ಯಾನನ್ನು ಡೈರೆಕ್ಟ್ ಮಾಡಿದ. ನೀರು 90 ದಾಟಿದ ಮೇಲೆ ತಾನಾಗಿ ತಿರುಗಬೇಕಾದ ಫ್ಯಾನಿಗೆ ಸ್ಟೇರಿಂಗ್ ಕೆಳಗೆ ಒಂದು ಸ್ವಿಚ್ಚು, ನಮ್ಮ ಬಚ್ಚಲುಮನೆಯಲ್ಲಿರುವಂಥದ್ದೇ, ಬಿಳಿಯದು. ಅದನ್ನು ಆರಿಸಲು ಮರೆತು ಎರಡು ಸಲ ಬ್ಯಾಟರಿ ಇಳಿಯಿತು. ಮೂರನೆಯವನು ಗ್ಯಾಸ್ಕೆಟ್ ಪರೀಕ್ಷೆ ಮಾಡಿದ. ಆಯಿಲ್ ಕಡ್ಡಿ ಎಳೆದು ನೋಡಿದ, ಹಾಲು ಬೆರೆತ ಕಾಫಿಯಂತಾಗಿರಲಿಲ್ಲ. ರೇಡಿಯೇಟರಿನಲ್ಲಿ ಗುಳ್ಳೆ ಏಳಲಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ. ಸಹೋದ್ಯೋಗಿಗೆ ಈ ಸುದ್ದಿ ಹೇಳಿದಾಗ ಅವರಿಗೆ ಸ್ವಲ್ಪ ಬೇಸರವೇ ಆಯಿತು.

ಇದರ ನಡುವೆ ದೊಡ್ಡ ಅವಮಾನ ಇನ್ನೊಂದು. ಯಾವ ಗ್ಯಾರೇಜಿನಲ್ಲಿ ನಿಲ್ಲಿಸಿದರೂ ಕಾರು ತಣ್ಣಗಿರುತ್ತಿತ್ತು. ರಾತ್ರಿಯೆಲ್ಲ ಕೆಮ್ಮಿದ ಮಗು ಡಾಕ್ಟರ ಮುಂದೆ ಗೊಂಬೆ ಹಿಡಿದುಕೊಂಡು ನಗುತ್ತದಲ್ಲ, ಹಾಗೆ. ಅರ್ಧ ಗಂಟೆ ಐಡಲಿನಲ್ಲಿಟ್ಟರೂ ಮುಳ್ಳು ನಟ್ಟ ನಡುವೆ. "ಏನೂ ಇಲ್ವಲ್ಲ ಸಾರ್" ಎಂದು ಅವರು ಕಾರನ್ನಲ್ಲ, ನನ್ನನ್ನೇ ನೋಡುತ್ತಿದ್ದರು.

ಕೊನೆಗೆ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯ ರೇಡಿಯೇಟರ್ ಮೇಸ್ತ್ರಿಯ ಹತ್ತಿರ ಹೋದೆ. ಬೆಸುಗೆ ಹಾಕಿ ಹಾಕಿ ಬೆರಳ ತುದಿ ಕಪ್ಪಾದ ಮುದುಕರು. ರೇಡಿಯೇಟರ್ ಬಿಚ್ಚಿ, ಮೇಲಿನ ತೊಟ್ಟಿಯನ್ನು ಎಬ್ಬಿಸಿ ತೋರಿಸಿದರು. ಸಣ್ಣ ಕೊಳವೆಗಳ ಬಾಯಿಗೆಲ್ಲ ಗೀಸರಿನ ಕಾಯಿಲಿಗೆ ಕಟ್ಟುವ ಬಿಳಿ ಪೊರೆ. "ಬೋರ್ ನೀರು ಹಾಕ್ತೀರಾ?" ಎಂದರು. ಹಾಕುತ್ತಿದ್ದೆ. ಕೂಲೆಂಟಿಗೆ ದುಡ್ಡು ದಂಡವೆಂದು ಗಿಡಕ್ಕೆ ಬಿಡುವ ಪೈಪಿನಿಂದಲೇ ತುಂಬುತ್ತಿದ್ದೆ. ಅವರು ತೆಳು ಸರಿಗೆಯ ಪಟ್ಟಿ ಹಿಡಿದು ಒಂದೊಂದೇ ಕೊಳವೆಯೊಳಗೆ ಆಡಿಸುತ್ತ, ಕಿವಿಯ ಗುಗ್ಗೆ ತೆಗೆಯುವವರ ತಾಳ್ಮೆಯಿಂದ ಕೆಲಸ ಮಾಡಿದರು. ಮತ್ತೆ ಜೋಡಿಸಿದ ಮೇಲೆ, ಅಲ್ಲಿಯವರೆಗೆ ಯಾರೂ ಕೇಳದ ಒಂದು ಮಾತು ಕೇಳಿದರು.

"ಯಾವಾಗ ಬಿಸಿಯಾಗುತ್ತೆ?"

ಎಲ್ಲರೂ ಯಾವುದು ಕೆಟ್ಟಿದೆ ಎಂದು ಹೇಳಿದ್ದರೇ ಹೊರತು ಯಾವಾಗ ಎಂದು ಕೇಳಿರಲಿಲ್ಲ. ಘಾಟಿಯಲ್ಲಿ, ಜೋರಾಗಿ ಎಳೆಯುವಾಗ, ಎಂದೆ. ನಿಲ್ಲಿಸಿ ಐಡಲಿನಲ್ಲಿ ಬಿಟ್ಟರೆ? ತಣ್ಣಗಾಗುತ್ತೆ. ಅವರು ಬೀಡಿ ಆರಿಸಿದರು. "ಫ್ಯಾನ್ ಕೆಟ್ಟಿದ್ರೆ ಉಲ್ಟಾ ಆಗ್ಬೇಕಿತ್ತು. ಸಿಗ್ನಲ್ಲಲ್ಲಿ ನಿಂತಾಗ ಕಾಯ್ಬೇಕು, ರೋಡಿಗೆ ಬಿದ್ದ ಮೇಲೆ ಗಾಳಿಗೆ ಆರ್ಬೇಕು. ನಿಮ್ದು ಓಡುವಾಗ ಕಾಯುತ್ತೆ ಅಂದ್ರೆ ನೀರೇ ಓಡ್ತಾ ಇಲ್ಲ."

ಇಂಜಿನ್ ಬಿಸಿಯಾಗಲು ಬಿಟ್ಟು, ನನ್ನನ್ನು ಬಾನೆಟ್ಟಿನ ಮೇಲೆ ಬಗ್ಗಿಸಿ, ರೇಡಿಯೇಟರಿನ ಅಡಿಯಿಂದ ಪಂಪಿಗೆ ಹೋಗುವ ದಪ್ಪ ಹೋಸನ್ನು ತೋರಿಸಿ, "ಕಣ್ಣು ಮಿಟುಕಿಸ್ಬೇಡಿ" ಎಂದರು. ಕಾರ್ಬುರೇಟರಿನ ಬಳಿ ಆಕ್ಸಿಲರೇಟರ್ ಕೇಬಲನ್ನು ಬೆರಳಲ್ಲಿ ಎಳೆದರು. ಇಂಜಿನ್ ಅರಚಿತು. ಹೋಸು ನನ್ನ ಕಣ್ಣೆದುರೇ ಒಳಕ್ಕೆ ಸೆಳೆದುಕೊಂಡು, ಎಳನೀರಿನ ಕೊನೆಯ ಗುಟುಕಿಗೆ ಸ್ಟ್ರಾ ಚಪ್ಪಟೆಯಾಗುತ್ತದಲ್ಲ, ಹಾಗೆ ಮುಚ್ಚಿಹೋಯಿತು. ಕೇಬಲು ಬಿಟ್ಟರು. ಏನೂ ಆಗಿಲ್ಲವೆಂಬಂತೆ ಉಬ್ಬಿ ದುಂಡಗಾಯಿತು. ಮೂರು ಗ್ಯಾರೇಜುಗಳಲ್ಲಿ ಐಡಲಿನಲ್ಲಿ ಮುಗ್ಧವಾಗಿ ಮಲಗಿದ್ದ ಕಳ್ಳ ಇದೇ. ಇದಕ್ಕೆ ಮುಚ್ಚಳವೂ ಕುಮ್ಮಕ್ಕು ಕೊಟ್ಟಿತ್ತು. ಅದರ ಅಡಿಯ ರಬ್ಬರು ಬಿರುಕುಬಿಟ್ಟು ಒತ್ತಡವೇ ನಿಲ್ಲುತ್ತಿರಲಿಲ್ಲ. ಒಳಗೆ ಒತ್ತಡವಿದ್ದಿದ್ದರೆ ಹೋಸು ಇಷ್ಟು ಸುಲಭಕ್ಕೆ ಅಪ್ಪಚ್ಚಿಯಾಗುತ್ತಿರಲಿಲ್ಲ.

ಹೋಸು ಕಳಚಿ ಒಳಗೆ ಬೆರಳು ಹಾಕಿ ನೋಡಿದ ಮೇಸ್ತ್ರಿ, "ಒಳಗೆ ಸ್ಪ್ರಿಂಗೇ ಇಲ್ಲ. ಈ ಕಾರಿನ ಹೋಸಿಗೆ ಇರ್ಬೇಕು. ಇದು ಯಾವನೋ ಕಾಸು ಉಳಿಸೋಕೆ ಸಿಕ್ಕಿದ್ದು ಹಾಕಿದಾನೆ. ಯಾರು ಹಾಕಿದ್ದು ಸಾರ್?" ಎಂದರು.

ಹಿಂದಿನ ಮಳೆಗಾಲದಲ್ಲಿ ಹಳೆಯ ಹೋಸು ಸೋರಿದಾಗ, ಅಸಲಿಗೆ ಇಷ್ಟು, ಇದಕ್ಕೆ ಅದರ ಅರ್ಧ ಎಂದು ಅಂಗಡಿಯವನು ಎರಡನ್ನೂ ಎದುರಿಗಿಟ್ಟಿದ್ದ. ಹಳೆಯದರ ಒಳಗಿಂದ ಉದುರಿದ ತುಕ್ಕು ಹಿಡಿದ ಸ್ಪ್ರಿಂಗನ್ನು ಕಸವೆಂದು ಎಸೆದ ಕೈ ಈಗ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. ಹೊಸದರಲ್ಲಿ ಗಟ್ಟಿಯಾಗಿದ್ದ ಆ ಹೋಸು ಬಿಸಿ ತಿಂದು ತಿಂದು ಹಳೆಯ ಪೈಜಾಮದ ಇಲಾಸ್ಟಿಕ್ಕಿನಂತಾಗಿತ್ತು.

"ಹಿಂದಿನ ಓನರ್ ಇರಬೇಕು" ಎಂದೆ.

ಹೊಸ ಹೋಸು, ಹೊಸ ಮುಚ್ಚಳ, ಹಸಿರು ಕೂಲೆಂಟು. ಅಡುಗೆಮನೆಯ ಡ್ರಾಯರಿನಲ್ಲಿ ಲಟ್ಟಣಿಗೆಯ ಜೊತೆ ಮಲಗಿದ್ದ ಥರ್ಮೋಸ್ಟಾಟೂ ತನ್ನ ಜಾಗಕ್ಕೆ ಮರಳಿತು. ಜುಲೈಯಲ್ಲಿ ಪುತ್ತೂರಿಗೆ ಹೋಗಿ ಬರುವಾಗ ಘಾಟಿಯಲ್ಲಿ ಜಡಿಮಳೆ. ಬೇಕೆಂದೇ ಎರಡನೇ ಗೇರಿನಲ್ಲಿ ಎಳೆಸಿದೆ. ಕೆಂಪುಹೊಳೆ ಹೋಯಿತು, ಮಾರನಹಳ್ಳಿ ಹೋಯಿತು. ಯಾರೂ ಮಾತಾಡಲಿಲ್ಲ. ದೋಣಿಗಾಲ್ ದಾಟಿದ ಮೇಲೆ, ಈಗ ಐದನೇ ಕ್ಲಾಸಿನಲ್ಲಿರುವ ಮಗಳು ಸೀಟಿನ ಸಂದಿಯಿಂದ ಕತ್ತು ತೂರಿಸಿ ಮುಳ್ಳನ್ನು ಸೂಕ್ಷ್ಮವಾಗಿ ನೋಡಿ, "ಅಪ್ಪಾ, ಶಾಂತಿಗ್ರಾಮದಲ್ಲೇ ನಿಂತಿದೆ" ಎಂದಳು. ಚನ್ನರಾಯಪಟ್ಟಣಕ್ಕೂ ಹಾಸನಕ್ಕೂ ನಡುವಿನ ಊರು ಅದು.

ಹೆಂಡತಿ ನಕ್ಕಳು. ಹಿಂದಿನಿಂದ ಅಮ್ಮನ ದನಿ ಬಂತು: "ಅದ್ಸರಿ, ಆವತ್ತು ಬಿಸಿ ಗಾಳಿ ಬಿಟ್ಟಿದ್ಯಲ್ಲ, ಅದನ್ನ ಒಂಚೂರು ಹಾಕೋ. ಮಂಡಿಗೆ ಎಷ್ಟು ಹಿತವಾಗಿತ್ತು."