ಹೊಣೆಗಾರಿಕೆಯ ಊರ್ಧ್ವಗಮನ: ಅತ್ತಿಗುಂಡಿಯನ್ನು ಆಧರಿಸಿದ ಒಂದು ಸಂಶೋಧನಾ ಪ್ರಬಂಧ

ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತದೆ ಎಂಬುದನ್ನು ಚಿಕ್ಕಮಗಳೂರಿನ ಬೆಟ್ಟದೂರು ಅತ್ತಿಗುಂಡಿಯಲ್ಲಿ ಒಂದು ಮಳೆಗಾಲ ಕಳೆದವರಿಗೆ ಹೊಸದಾಗಿ ಹೇಳಬೇಕಿಲ್ಲ. ಆದರೆ ಶಾಲಾ ಶಿಕ್ಷಣದ ‘ಹೊಣೆಗಾರಿಕೆ’ ಎಂಬ ದ್ರವಕ್ಕೆ ಈ ನಿಯಮ ಅನ್ವಯಿಸುವುದಿಲ್ಲವೆಂದು ಸಾಧಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಅದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ, ಇಲಾಖೆಯ ಕೇಂದ್ರ ಕಚೇರಿಯಿರುವ ನೃಪತುಂಗ ರಸ್ತೆಯಲ್ಲಿ ಉದ್ಭವಿಸುತ್ತದೆ. ಆಮೇಲೆ ಜಿಲ್ಲೆಯ ಡಿಡಿಪಿಐ, ತಾಲ್ಲೂಕಿನ ಬಿಇಒ, ಕ್ಲಸ್ಟರಿನ ಸಿಆರ್‌ಪಿ ಎಂಬ ತಿರುವುಗಳನ್ನು ದಾಟಿ, ಬಾಬಾಬುಡನ್‌ಗಿರಿಯ ದಾರಿಯಲ್ಲಿ ಗೇರು ಬದಲಿಸದೆ ಮೇಲೇರಿ, ಒಬ್ಬ ಮೇಷ್ಟ್ರ ತಲೆಯ ಮೇಲೆ ಬಂದು ನಿಲ್ಲುತ್ತದೆ. ಪಂಪ್‌ಸೆಟ್ ಇಲ್ಲದೆ ಇಷ್ಟು ಎತ್ತರ ಹತ್ತುವ ಇನ್ನೊಂದು ದ್ರವ ಲೋಕದಲ್ಲಿಲ್ಲ.

ಮಾಪನೋಪಕರಣಗಳ ವಿಚಾರ. ವರ್ಷಕ್ಕೆ ನಾಲ್ಕು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ). ಬಂದ ಅಂಕಗಳನ್ನೆಲ್ಲ ‘ಸ್ಯಾಟ್ಸ್’ ಎಂಬ ತಂತ್ರಾಂಶಕ್ಕೆ ಉಣಿಸಬೇಕು. ‘ಸ್ಟೂಡೆಂಟ್ ಅಚೀವ್‌ಮೆಂಟ್ ಟ್ರ್ಯಾಕಿಂಗ್ ಸಿಸ್ಟಮ್’ ಎಂಬ ಅದರ ಪೂರ್ಣನಾಮದಲ್ಲೇ ವಿದ್ಯಾರ್ಥಿಯ ಸಾಧನೆ ಸೇರಿಕೊಂಡಿದೆ. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟು ಹೋದ ದಿನಗಳಲ್ಲಿ ನಾವು ಕಂಡುಕೊಂಡ ವ್ಯಾಖ್ಯೆ ಹೀಗಿದೆ: ಕರೆಂಟು, ನೆಟ್‌ವರ್ಕು, ಸರ್ವರು ಈ ಮೂರೂ ಕೂಡಿಬರುವ ಮುಹೂರ್ತಕ್ಕೆ ಸಾಧನೆ ಎನ್ನುತ್ತಾರೆ. ಮಗು ಆ ಹೊತ್ತಿಗೆ ಮನೆಯಲ್ಲಿ ನಿದ್ದೆ ಮಾಡುತ್ತಿದ್ದರೂ ಬಾಧಕವಿಲ್ಲ.

ಇನ್ನು ಕ್ಷೇತ್ರಕಾರ್ಯ. ಕಾಫಿ ಕೊಯ್ಲಿನ ಕಾಲ, ಸಂಜೆ, ತೋಟದ ಕಣದಲ್ಲಿ ತೂಕ ನಡೆಯುತ್ತಿದೆ. ಕೂಲಿ ಕೆ.ಜಿ. ಲೆಕ್ಕ. ಚೀಲ ತಕ್ಕಡಿಗೇರಿದ ಕೂಡಲೇ ರೈಟರು ಪುಸ್ತಕದಿಂದ ತಲೆಯೆತ್ತದೆ ‘ಅರವತ್ತೆರಡು’ ಎಂದು ಕೂಗಿದರೆ, ಅವ್ವನ ಪಕ್ಕದಲ್ಲಿ ನಿಂತ ಲೈನ್ ಮನೆಯ ಐದನೇ ಕ್ಲಾಸಿನ ಹುಡುಗಿ ‘ಅರವತ್ನಾಕು ಸಾರ್, ಮುಳ್ಳು ನೋಡಿ’ ಎನ್ನುತ್ತಾಳೆ. ಎರಡು ಕೆ.ಜಿ.ಗೆ ಎಷ್ಟು ದುಡ್ಡು ಹೋಗುತ್ತಿತ್ತು ಎಂಬುದೂ ಅವಳ ಬಾಯಲ್ಲೇ ಇದೆ. ಗಣಿತದ ಎಫ್‌ಎಯಲ್ಲಿ ಇವಳಿಗೆ ‘ಸಿ’ ಶ್ರೇಣಿ. ಪ್ರಶ್ನೆ ರೈಲಿನ ವೇಗದ ಮೇಲಿತ್ತು. ಅತ್ತಿಗುಂಡಿಗೆ ರೈಲು ಬರುವುದಿಲ್ಲ. ತೂಕದ ಕಣದಲ್ಲಿ ಕಂಡ ಈ ದತ್ತಾಂಶವನ್ನು ತುಂಬಲು ಸ್ಯಾಟ್ಸ್‌ನಲ್ಲಿ ಕಾಲಂ ಇಲ್ಲದ ಕಾರಣ ಅದನ್ನು ವಿಶ್ಲೇಷಣೆಯಿಂದ ಕೈಬಿಡಲಾಗಿದೆ.

ವೀಕ್ಷಿಸಿದರೆ ವಸ್ತುವೇ ಬದಲಾಗುತ್ತದೆ ಎಂದು ಭೌತವಿಜ್ಞಾನಿಗಳು ಸಣ್ಣ ಕಣಗಳ ಬಗ್ಗೆ ಹೇಳಿದ್ದರು. ನಮ್ಮ ರಾಜ್ಯ ಅದನ್ನು ದೊಡ್ಡ ಪ್ರಮಾಣದಲ್ಲಿ ಸಾಬೀತುಪಡಿಸಿತು. 2023ರಲ್ಲಿ ಶೇ 83.89ರಷ್ಟಿದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ, 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದೊಡನೆ ಶೇ 73.40ಕ್ಕೆ ಕುಸಿಯಿತು. ಅದೂ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ! ಜ್ಞಾನ ಬಲು ನಾಚಿಕೆ ಸ್ವಭಾವದ್ದೆಂದು ಇದರಿಂದ ಸಿದ್ಧವಾಗುತ್ತದೆ.

ಅದೇ 2024ರ ಮಾರ್ಚ್‌ನಲ್ಲಿ 5, 8, 9ನೇ ತರಗತಿಗಳ ಬೋರ್ಡ್ ಪರೀಕ್ಷೆಯನ್ನು ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು, ವಿಭಾಗೀಯ ಪೀಠ ನಡೆಸಿ ಎಂದಿತು, 11ರಂದು ಶುರುವಾದದ್ದನ್ನು ಸುಪ್ರೀಂ ಕೋರ್ಟು ಮರುದಿನವೇ ನಿಲ್ಲಿಸಿತು, ಮತ್ತೆ ಹೈಕೋರ್ಟು ಅಸ್ತು ಎಂದು ಉಳಿದ ಪತ್ರಿಕೆಗಳು ಮುಗಿದವು, ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ಸುಪ್ರೀಂ ತಡೆ ಬಿತ್ತು. ಹತ್ತು ವರ್ಷದ ಮಕ್ಕಳು ಈ ನ್ಯಾಯಾಂಗ ಪರೀಕ್ಷೆಯನ್ನು ಯಾವ ಕೃಪಾಂಕವೂ ಇಲ್ಲದೆ ಪಾಸು ಮಾಡಿದ್ದು ದಾಖಲಾರ್ಹ.

ಪೂರ್ವಾಚಾರ್ಯರನ್ನು ಸ್ಮರಿಸದಿದ್ದರೆ ಪ್ರಬಂಧಕ್ಕೆ ತೂಕ ಬಾರದು. 1862ರಲ್ಲಿ ಇಂಗ್ಲೆಂಡಿನ ರಾಬರ್ಟ್ ಲೋ, ಮಕ್ಕಳು ಓದು, ಬರಹ, ಲೆಕ್ಕದಲ್ಲಿ ಪಾಸಾದಷ್ಟೂ ಶಾಲೆಗೆ ಅನುದಾನ ಎಂಬ ಪದ್ಧತಿ ತಂದ. ಇನ್‌ಸ್ಪೆಕ್ಟರು ಬರುವಷ್ಟರಲ್ಲಿ ಮಕ್ಕಳಿಗೆ ಪಠ್ಯ ಬಾಯಿಪಾಠವಾಗಿರುತ್ತಿತ್ತು. ಅಲ್ಲಿ ಆ ಪದ್ಧತಿ ಆ ಶತಮಾನದಲ್ಲೇ ತೀರಿಕೊಂಡಿತು. ಅದರ ತಿಥಿಯನ್ನು ನಾವು ಇಲ್ಲಿ ಶ್ರದ್ಧೆಯಿಂದ ಮಾಡುತ್ತಿದ್ದೇವೆ.

ಈ ಎಲ್ಲದರಿಂದ ಒಂದೇ ಶಿಫಾರಸು ಹೊರಡುತ್ತದೆ. ಹೊಣೆಗಾರಿಕೆಯ ಸ್ವಭಾವ ಮೇಲೇರುವುದಾದರೆ, ಇಲಾಖೆಯ ಕೇಂದ್ರ ಕಚೇರಿಯನ್ನು ಇಲ್ಲೇ ಹತ್ತಿರದ ಮುಳ್ಳಯ್ಯನಗಿರಿಯ ತುದಿಗೆ, 1930 ಮೀಟರ್ ಎತ್ತರಕ್ಕೆ, ಸ್ಥಳಾಂತರಿಸತಕ್ಕದ್ದು. ಆಗ ಹೊಣೆಗಾರಿಕೆ ಮೇಷ್ಟ್ರನ್ನು ದಾಟಿ ಹೋಗಿ ಸಹಜವಾಗಿಯೇ ಅಧಿಕಾರಿಗಳನ್ನು ಮುಟ್ಟುತ್ತದೆ. ಅಡಚಣೆ ಒಂದೇ: ಶನಿವಾರ, ಭಾನುವಾರ ಪ್ರವಾಸಿಗರ ಕಾರುಗಳು ಸಾಲುಗಟ್ಟಿ ನಿಲ್ಲುವುದರಿಂದ ಕಡತ ಮೇಲೆ ಹೋಗುವುದು ಸೋಮವಾರವೇ.