ಮುಳುಗುರಾಯರು

ಮುಳುಗುರಾಯರನ್ನು ಗುರುತಿಸುವುದು ಸುಲಭ. ಉಪ್ಪಿಟ್ಟು ಹೇಗಿದೆ ಎಂದು ಕೇಳಿದರೆ ಹೆಬ್ಬೆರಳು ಎತ್ತುವುದಿಲ್ಲ. ಸ್ಕೂಬಾ ಡೈವಿಂಗಿನಲ್ಲಿ, ನೀರೊಳಗೆ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಎಂದರ್ಥವಂತೆ. ಎಲ್ಲ ಸರಿಯಿದೆ ಎನ್ನಲು ತೋರುಬೆರಳನ್ನೂ ಹೆಬ್ಬೆರಳನ್ನೂ ದುಂಡಗೆ ಕೂಡಿಸಿ ತೋರಿಸುತ್ತಾರೆ. ಒಲೆ ಮುಂದೆ ಬೆವರಿದ ಹೆಂಡತಿಗೆ ಅದು ಸೊನ್ನೆ ಮಾರ್ಕಾಗಿ ಕಂಡು, ಮಧ್ಯಾಹ್ನದ ಅಡುಗೆಯೇ ನಿಂತದ್ದುಂಟು.

ವಾರವಿಡೀ ಬೆಂಗಳೂರಿನ ಆಫೀಸು. ಮಳೆಗಾಲ ಮುಗಿದು ಕಡಲು ತಣಿಯಿತೋ, ಶುಕ್ರವಾರ ರಾತ್ರಿ ಮುರುಡೇಶ್ವರದ ಬಸ್ಸು. ಅಲ್ಲಿಂದ ಸುಮಾರು 10 ನಾಟಿಕಲ್ ಮೈಲಿ ದೂರದ ನೇತ್ರಾಣಿ ದ್ವೀಪಕ್ಕೆ ದೋಣಿ. ಹೊರಡುವ ಮುನ್ನಾದಿನ ಮನೆಯಲ್ಲಿ ಯಾರೂ ತಲೆ ಬಾಚುವಂತಿಲ್ಲ. ರಾಯರು ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ, ಕ್ಯಾಮೆರಾದ ನೀರು ಹೋಗದ ಪೆಟ್ಟಿಗೆ ಬಿಚ್ಚಿಕೊಂಡು, ಅದರ ರಬ್ಬರ್ ಉಂಗುರಕ್ಕೆ ಬೆರಳ ತುದಿಯಲ್ಲಿ ಸಿಲಿಕಾನ್ ಗ್ರೀಸ್ ಸವರುತ್ತಾ ಕೂತಿರುತ್ತಾರೆ. ಆ ಉಂಗುರದಡಿ ಒಂದು ಕೂದಲೆಳೆ ಸಿಕ್ಕಿದರೂ ಮುಗಿಯಿತು, ಅರಬ್ಬೀ ಸಮುದ್ರ ಒಳಗೆ! ಕಾಲೇಜಿಗೆ ಹೋಗುವ ಮಗಳು ತಲೆಗೆ ಟವೆಲ್ ಸುತ್ತಿಕೊಂಡೇ ಓಡಾಡುತ್ತಾಳೆ.

ಇವರು ಎಂಜಲು-ಮುಸುರೆ ಎಂದು ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಮನುಷ್ಯ. ದೋಣಿ ಹತ್ತಿದ ಮೇಲೆ ನೋಡಬೇಕು. ಗಾಜು ಮಬ್ಬಾಗಬಾರದೆಂದು ಮಾಸ್ಕಿನೊಳಕ್ಕೆ ಥೂ ಎಂದು ಉಗುಳಿ, ಬೆರಳಲ್ಲಿ ತಿಕ್ಕಿ, ತೊಳೆದು, ಅದನ್ನೇ ಮುಖಕ್ಕೆ ಏರಿಸಿಕೊಳ್ಳುತ್ತಾರೆ. ಮಡಿ ಮುರುಡೇಶ್ವರದ ದಡದಲ್ಲೇ ಉಳಿಯಿತು.

ಮಾಸ್ಕಿನ ಗಾಜಿನಿಂದ ನೀರೊಳಗೆ ನೋಡಿದರೆ ವಸ್ತುಗಳು ಇದ್ದದ್ದಕ್ಕಿಂತ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತವೆ. ಅದು ಬೆಳಕಿನ ವಕ್ರೀಭವನದ ನಿಯಮ. ದಡಕ್ಕೆ ಬಂದ ಮೇಲೂ ಮೀನು ದಿನದಿನಕ್ಕೆ ಬೆಳೆಯುತ್ತಾ ಹೋಗುವುದು ರಾಯರ ನಿಯಮ. ಫೋಟೊ ತೋರಿಸಿ ಎಂದರೆ ಎಲ್ಲವೂ ನೀಲಿ. ಆಳಕ್ಕೆ ಇಳಿದಂತೆ ನೀರು ಮೊದಲು ಕೆಂಪನ್ನೇ ನುಂಗುವುದರಿಂದ ಮೀನಿನ ನಿಜ ಬಣ್ಣಕ್ಕೆ ಫ್ಲ್ಯಾಶ್ ಬೇಕು. ಫ್ಲ್ಯಾಶ್ ಹಾಕಿದರೆ ನೀರಿನಲ್ಲಿ ತೇಲುವ ಕಸವೆಲ್ಲ ಬೆಳಗಿ, ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ. ಇಷ್ಟನ್ನೂ ಅವರು ಮದುವೆ ಮನೆಯ ಪಂಕ್ತಿಯಲ್ಲಿ, ಬಡಿಸುವವನ ಕೈ ಹಿಡಿದು ನಿಲ್ಲಿಸಿ ವಿವರಿಸಬಲ್ಲರು. ಒಮ್ಮೆ ಅಂಡಮಾನಿಗೆ ಹೋಗಿ ಬಂದವರು, ಕ್ಲೌನ್ ಮೀನಿನ ಸಂಸಾರದಲ್ಲಿ ಹೆಣ್ಣೇ ಯಜಮಾನಿ, ಅವಳು ಸತ್ತರೆ ಗಂಡನೇ ಹೆಣ್ಣಾಗಿ ಮನೆ ನಡೆಸುತ್ತಾನೆ ಎಂದು ಹೊಸ ಬೀಗರಿಗೆ ತಿಳಿಸಿದರು. ಬೀಗಿತ್ತಿ ಗಂಡನ ಕಡೆ ಒಮ್ಮೆ ನೋಡಿ, ‘ಇವರ ಕೈಲಿ ಆಗಲ್ಲ ಬಿಡಿ’ ಎಂದರು.

ಹವಳ ಕಲ್ಲಲ್ಲ, ಜೀವಿ. ಕಾನೂನಿನಲ್ಲಿ ಹುಲಿಗಿರುವ ರಕ್ಷಣೆಯೇ ಅದಕ್ಕೂ ಇದೆ, ಮುಟ್ಟಬೇಡಿ ಎಂದು ಹೊಸಬರಿಗೆ ಉಪದೇಶಿಸುವವರೂ ಇವರೇ. ನಿಜವೇ. ಆದರೆ ಕ್ಯಾಮೆರಾಕ್ಕೆ ಕಣ್ಣು ಕೊಟ್ಟ ಮೇಲೆ ಹಿಂದಿರುವ ತಮ್ಮ ಕಾಲಿನ ರೆಕ್ಕೆ ಯಾರ ಸಂಸಾರವನ್ನು ಬಡಿಯುತ್ತಿದೆ ಎಂಬ ಎಚ್ಚರ ಇರುವುದಿಲ್ಲ. ಗೈಡ್ ಹುಡುಗ ಬೆನ್ನಿನ ಸಿಲಿಂಡರ್ ಹಿಡಿದು ಮೆಲ್ಲಗೆ ಮೇಲಕ್ಕೆ ಎತ್ತಿಡುತ್ತಾನೆ. ಸಿಗ್ನಲ್‌ನಲ್ಲಿ ಎರಡು ನಿಮಿಷ ಕಾಯದ ಈ ಮನುಷ್ಯ, ಕಿರುಬೆರಳಷ್ಟು ಉದ್ದದ, ಚಿಪ್ಪಿಲ್ಲದ ಕಡಲ ಹುಳು ನ್ಯೂಡಿಬ್ರಾಂಕ್ ತಲೆ ತಿರುಗಿಸಲಿ ಎಂದು 200 ಬಾರ್ ಗಾಳಿಯಲ್ಲಿ ಅರ್ಧವನ್ನು ಅದರ ಮುಂದೆಯೇ ಖರ್ಚು ಮಾಡುತ್ತಾರೆ. ಮಾತಾಡಲು ಆಗದ ಜಾಗದಲ್ಲಿ ಮಾತ್ರ ಅವರಿಗೆ ಇಷ್ಟು ತಾಳ್ಮೆ ಎಂಬುದು ನನ್ನ ಗುಮಾನಿ.

ಹೋದ ಸಲ ಹೀಗೇ ಹುಳುವಿನ ಮುಂದೆ ತೇಲುತ್ತಿದ್ದಾಗ ಗೈಡ್ ತನ್ನ ಸಿಲಿಂಡರಿಗೆ ಟಕ್ ಟಕ್ ಎಂದು ಕಡ್ಡಿ ಬಡಿದ. ರಾಯರು ತಿರುಗದೆಯೇ ‘ಇರು’ ಎಂದು ಕೈ ಆಡಿಸಿದರು. ಬೆನ್ನ ಹಿಂದೆ ಆಮೆಯೊಂದು ಎಲ್ಲರಿಗೂ ದರ್ಶನ ಕೊಟ್ಟು ಹೋಯಿತು.

ಮನೆಗೆ ಬಂದು ಕ್ಯಾಮೆರಾವನ್ನು ಸಿಹಿನೀರಿನ ಬಕೆಟ್ಟಿನಲ್ಲಿ ನೆನೆಹಾಕಿ ಬಚ್ಚಲಿಗೆ ಬೀಗ ಜಡಿದರು. ಚಿತ್ರಗಳು ಆಗಲೇ ಫೋನಿಗೆ ಬಂದಿದ್ದವು.

‘ಆಮೆ ಬಂದಿತ್ತಂತಲ್ರೀ?’

‘ಆಮೆ ಯಾರು ಬೇಕಾದ್ರೂ ನೋಡ್ತಾರೆ. ಇದನ್ನ ನೋಡು.’

ಹೆಂಡತಿ ಫೋನನ್ನು ಅಡ್ಡಡ್ಡ, ಉದ್ದುದ್ದ ಹಿಡಿದು ನೋಡಿದರು. ‘ಇದಕ್ಕೆ ತಲೆ ಯಾವ ಕಡೆ?’

‘ಎರಡು ಕೊಂಬಿದೆಯಲ್ಲ, ಆ ಕಡೆ. ಹಿಂದೆ ಹೂವಿನ ಥರ ಇರೋದು ಕಿವಿರು.’

‘ಓಹೋ. ಅಂದ್ರೆ ನೀವು ತೆಗೆದಿರೋದೆಲ್ಲ ಹಿಂಭಾಗ. ಸರಿ, ಬಚ್ಚಲ ಬೀಗದ ಕೈ ಕೊಡಿ.’