ಸುಧಾರಣೆಗೆ ಅವಕಾಶವಿದೆ

ಮಾರ್ಚ್ ಬಂತೆಂದರೆ ನನ್ನೊಳಗಿನ ಹೇಡಿ ಸಾಹಿತಿಯಾಗುತ್ತಾನೆ. ಅದು ಕೈಕೆಳಗಿನವರ ಅಪ್ರೈಸಲ್ ಬರೆಯುವ ತಿಂಗಳು. ಉಳಿದವರದ್ದೆಲ್ಲ ಊಟದ ಬಿಡುವಿನಲ್ಲೇ ಮುಗಿಸಿದೆ, ಎಲ್ಲರೂ 'ಟೀಮ್ ಪ್ಲೇಯರ್'ಗಳು. ಸಿಕ್ಕಿಕೊಂಡದ್ದು ಒಬ್ಬ ಹುಡುಗನ ವಿಷಯದಲ್ಲಿ. ಬುದ್ಧಿವಂತ. ಆದರೆ ಕೆಲಸ ತಡವಾಗುತ್ತದೆನ್ನುವುದನ್ನು ಗಡುವಿನ ಸಂಜೆಯೇ ಹೇಳುತ್ತಾನೆ, ಕ್ಲೈಂಟ್ ಮುಂದೆ ಹಲ್ಲು ಗಿಂಜುವ ಭಾಗ್ಯ ನನ್ನದು.

'ತಡವಾಗುವುದನ್ನು ಮೊದಲೇ ಹೇಳುವುದಿಲ್ಲ' ಎಂದು ಬರೆದೆ. ಖಾರವಾಯಿತು. ಅವನ ತಾಯಿ ಕಳಿಸಿದ ಕೋಡುಬಳೆ ಬೇರೆ ಡ್ರಾಯರಿನಲ್ಲಿತ್ತು. 'ಕೆಲವೊಮ್ಮೆ' ಸೇರಿಸಿದೆ. 'ಹೇಳುವುದಿಲ್ಲ' ಹೋಗಿ 'ಹೇಳಲು ಹಿಂಜರಿಯುತ್ತಾರೆ' ಬಂತು. ಹಿಂಜರಿಕೆ ದೌರ್ಬಲ್ಯವಲ್ಲವೇ? 'ಸಂಕೋಚ ಸ್ವಭಾವದವರು'. ಇದು ವಧೂವರರ ಅಂಕಣದ ಮಾತಾಯಿತು. 'ಮಿತಭಾಷಿ' ಎಂದೆ. ಬರೀ ಮಿತಭಾಷಿಯೇ? 'ಕಷ್ಟಗಳನ್ನು ತಾವೇ ಹೊತ್ತು, ಕೊನೆಯ ಗಳಿಗೆಯವರೆಗೂ ಧೃತಿಗೆಡದ ಮಿತಭಾಷಿ.' ಓದಿಕೊಂಡರೆ ಕಣ್ಣು ಮಂಜಾಯಿತು. ಇಂಥವನು ನಮ್ಮಲ್ಲಿರಲು ಯಾವ ಪುಣ್ಯ ಮಾಡಿದ್ದೆವೋ! ಮನಸ್ಸಾಕ್ಷಿಯ ಬಾಯಿ ಮುಚ್ಚಿಸಲು ಕೊನೆಗೆ 'ಸುಧಾರಣೆಗೆ ಅವಕಾಶವಿದೆ' ಎಂದು ಅಂಟಿಸಿದೆ. ಅದು ನಮ್ಮ ಕ್ಯಾಂಟೀನಿನ ಸಾಂಬಾರಿಗೂ ಇದೆ.

ಎಚ್‌ಆರ್‌ನವರಿಗೆ ಬೇಕಾಗಿದ್ದುದು ನನ್ನ ಸಾಹಿತ್ಯವಲ್ಲ, ಬೆಲ್ ಕರ್ವ್‌ನ ಬುಡಕ್ಕೊಂದು ತಲೆ: ಯಾರಾದರೊಬ್ಬರು ಕೊನೆಯ ಸ್ಥಾನದಲ್ಲಿರಲೇಬೇಕೆಂಬ ಲೆಕ್ಕ. ಇಂಥ ಬಲವಂತದ ಶ್ರೇಣಿಯನ್ನು ಮೈಕ್ರೋಸಾಫ್ಟ್ 2013ರಲ್ಲೇ ಕೈಬಿಟ್ಟಿತು, ನಮ್ಮವರಿಗೆ ಮಾತ್ರ ಅದರ ಮೇಲೆ ಇನ್ನೂ ಭಕ್ತಿ. ಎಲ್ಲ ಹಾಳೆ ತಿರುವಿದರು. 'ಸುಧಾರಣೆಗೆ ಅವಕಾಶ' ಇದ್ದದ್ದು ಒಬ್ಬನಿಗೇ. ಧೀರ ಮಿತಭಾಷಿ ಬುಡಕ್ಕೆ ಬಿದ್ದ.

ನಗುವ ವಿಷಯವಲ್ಲ, ವರದಿಯ ಒಂದೇ ಪದ ಬಡ್ತಿ ತಪ್ಪಿಸಬಹುದು. ದೇವ್ ದತ್ ಎಂಬ ಗಡಿ ರಸ್ತೆ ಸಂಸ್ಥೆಯ ಎಂಜಿನಿಯರ್‌ಗೆ 1993-94ರ ವಾರ್ಷಿಕ ವರದಿಯಲ್ಲಿ 'ಉತ್ತಮ' ಎಂದು ಬರೆದಿದ್ದರು. ಬಡ್ತಿಗೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಬೇಕಿತ್ತು. ಬಡ್ತಿ ತಪ್ಪಿತು. ಹಾಗೆ ಬರೆದಿದ್ದೇವೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ಬರೆದದ್ದು ಒಳ್ಳೆಯದಿರಲಿ ಕೆಟ್ಟದ್ದಿರಲಿ, ಸರ್ಕಾರಿ ನೌಕರನಿಗೆ ತಿಳಿಸಲೇಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಅಷ್ಟು ಹೊತ್ತಿಗೆ ಅವರು ನಿವೃತ್ತರಾಗಿದ್ದರು.

ಹುಡುಗ ಹಾಳೆ ಹಿಡಿದು ಬಂದ. "ಸಾರ್, ಇದು ಬೈಗುಳಾನೋ ಸನ್ಮಾನಪತ್ರಾನೋ?"

"ಕೂತ್ಕೋ," ಎಂದೆ. "ಹೋದ ತಿಂಗಳ ರಿಪೋರ್ಟು ಗುರುವಾರ ಕೊಡಬೇಕಿತ್ತು. ಡೇಟಾ ಬಂದಿಲ್ಲ ಅಂತ ನಿಂಗೆ ಸೋಮವಾರವೇ ಗೊತ್ತಿತ್ತು. ಅವತ್ತೇ ಒಂದು ಮೆಸೇಜ್ ಹಾಕಿದ್ರೆ ನಾನು ಕ್ಲೈಂಟ್ ಹತ್ರ ಟೈಮ್ ಕೇಳ್ತಿದ್ದೆ. ನಂಗೆ ಬೇಕಾಗಿದ್ದು ಇಷ್ಟೇ."

"ಇಷ್ಟೇನಾ ಸಾರ್?" ಎಂದ. "ಹೇಳಿದ್ರೆ ಎಲ್ಲಿ ಬೇಜಾರು ಮಾಡ್ಕೋತೀರೋ ಅಂತ ಸುಮ್ನಿದ್ದೆ."